ಬ್ಯಾಟರಿ ಕಾರಿಗೆ ಕಟ್ಟಿದ ಹರಕೆ

ಮನೆಯ ಮಕ್ಕಳು ನನಗೆ ‘ಪ್ಲಗ್ ಅಜ್ಜಿ’ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಹೇಳುವ ಧೈರ್ಯವಿಲ್ಲ, ಆದರೆ ನನ್ನ ಕಿವಿ ಇನ್ನೂ ಚುರುಕಾಗಿಯೇ ಇದೆ. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ನಾನು ಮನೆಯೆಲ್ಲ ಒಂದು ಸುತ್ತು ಬರುತ್ತೇನೆ. ರೇಡಿಯೋದ ಪ್ಲಗ್ಗು, ಇಸ್ತ್ರಿಪೆಟ್ಟಿಗೆಯದು, ಮೇಜಿನ ಫ್ಯಾನಿನದು, ಎಲ್ಲವನ್ನೂ ಕಿತ್ತು ಪಕ್ಕಕ್ಕಿಡುತ್ತೇನೆ. ಸ್ವಿಚ್ ಆರಿಸಿದರೆ ಸಾಲದೇ ಎಂದು ಮಗಳು ಎಷ್ಟೋ ಸಲ ಕೇಳಿದ್ದಾಳೆ. ನನಗೆ ಸಾಲದು. ಕಿತ್ತ ಮೇಲೂ ಫ್ಯಾನಿನ ರೆಕ್ಕೆ ಪೂರ್ತಿ ನಿಲ್ಲುವವರೆಗೆ ಅದನ್ನೇ ನೋಡುತ್ತ ನಿಂತಿರುತ್ತೇನೆ. ನಿಲ್ಲಬೇಕಾದ ವಸ್ತು ನಿಲ್ಲದೆ ತಿರುಗುತ್ತಿದ್ದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ನಗುವವರು ನಗಲಿ, ನಾನು ನೋಡಿದ್ದನ್ನು ಅವರು ನೋಡಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲಿ. ನನ್ನ ತವರು ಶಿರಂಗಾಲ. ಬಯಲು ಗದ್ದೆ, ಕಾಲುವೆ, ಕಣ್ಣು ಹಾಯಿಸಿದಷ್ಟು ದೂರ ಬೆಳಕು. ಅಲ್ಲಿಂದ ಮದುವೆಯಾಗಿ ನಾಪೋಕ್ಲು ಕಡೆಯ ಕಾಫಿ ಎಸ್ಟೇಟಿಗೆ ಬಂದವಳಿಗೆ ಮೊದಲು ಕಂಡದ್ದೇ ಕತ್ತಲು. ನಡುಹಗಲಲ್ಲೂ ಮರದ ಕೆಳಗೆ ಮುಸ್ಸಂಜೆ. ಜಿಗಣೆಗೆ ಹೆದರಿದೆ, ಕಾಡುಹಂದಿಗೆ ಹೆದರಿದೆ, ಕೊನೆಗೆ ನಮ್ಮತ್ತೆ ಬಿದಿರಿನ ಕಣಿಲೆ ಹೆಚ್ಚುವ ಸದ್ದಿಗೂ ಬೆಚ್ಚಿಬಿದ್ದೆ. ಅತ್ತೆ ಕೆಟ್ಟವರಲ್ಲ. ‘ಎಂತ ಗೌರಿ, ನೀನು ನಿನ್ನ ನೆರಳಿಗೂ ನಮಸ್ಕಾರ ಮಾಡ್ತೀಯ ಅಲ್ವಾ?’ ಎಂದು ಕೇಳಿ, ತಾವೇ ನನ್ನ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿ ಜಿಗಣೆ ಬಿಡಿಸುತ್ತಿದ್ದರು.

ಆಗ ಬ್ರಿಟಿಷರ ಕಾಲ, ಅದರ ಮೇಲೆ ಯುದ್ಧ ಬೇರೆ. ನಮ್ಮ ಯಜಮಾನರು ಸೈನ್ಯದಲ್ಲಿ ಸ್ಟೋರಿನ ಕೆಲಸಕ್ಕೆ ಸೇರಿ ಎಲ್ಲೋ ಮರಳುಗಾಡಿನಲ್ಲಿದ್ದರು. ಮಾವ ಎಸ್ಟೇಟಿನ ರೈಟರು, ಎಂದರೆ ಕೂಲಿಗಳ ಹಾಜರಿಯಿಂದ ಹಿಡಿದು ದೊರೆಯ ನಾಯಿಯ ಊಟದವರೆಗೆ ಎಲ್ಲದರ ಲೆಕ್ಕ ಬರೆಯುವವರು. ದೊರೆಯೂ ಯುದ್ಧಕ್ಕೆ ಹೊರಟುಹೋದ ಮೇಲೆ ತೋಟಕ್ಕೆಲ್ಲ ಮಾವನದೇ ಕಾರುಬಾರು. ದೊರೆ ಹೋಗುವಾಗ ಬಂಗಲೆಯ ಬೀಗದ ಕೈಯ ಜೊತೆಗೆ ಒಂದು ಕಾರನ್ನೂ ಅವರ ಉಸ್ತುವಾರಿಗೆ ಬಿಟ್ಟಿದ್ದ. ಪೆಟ್ರೋಲಿನದಲ್ಲ, ಬ್ಯಾಟರಿ ಕಾರು.

ಅಂಥದ್ದನ್ನು ನೀವು ನೋಡಿರಲಾರಿರಿ. ದೊರೆಯ ಸೋದರತ್ತೆಯೊಬ್ಬಳು ಬೆಂಗಳೂರಿನ ದಂಡಿನಲ್ಲಿ ಅದರಲ್ಲಿ ಓಡಾಡುತ್ತಿದ್ದಳಂತೆ. ಅವಳು ತೀರಿಕೊಂಡ ಮೇಲೆ ಅದು ಕೊಡಗಿಗೆ ಬಂದಿತ್ತು. ನೋಡಲು ನಾಲ್ಕು ಚಕ್ರದ ಮೇಲೆ ನಿಲ್ಲಿಸಿದ ಗಾಜಿನ ಬೀರು. ಒಳಗೆ ಮೆತ್ತನೆಯ ಸೀಟು, ಕಿಟಕಿಯ ಪಕ್ಕ ಹೂವಿಡಲು ಒಂದು ಪುಟ್ಟ ಗಾಜಿನ ಕೊಳವೆ. ತಿರುಗಿಸುವುದಕ್ಕೆ ಚಕ್ರವಿಲ್ಲ, ಮಜ್ಜಿಗೆ ಕಡೆಯುವ ಕೋಲಿನಂಥ ಒಂದು ಸಲಾಕೆ. ಮಾವ ಆ ಕೊಳವೆಗೆ ದಿನಾ ಒಂದು ಸೇವಂತಿಗೆ ಸಿಕ್ಕಿಸಿ, ಸಲಾಕೆ ಹಿಡಿದು ಕೂತರೆ ಅವರ ಗತ್ತೇ ಬೇರೆ. ಆದರೆ ಕಾರಿಗೆ ಸದ್ದೇ ಇರಲಿಲ್ಲ. ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತರೂ ಗೊತ್ತಾಗುತ್ತಿರಲಿಲ್ಲ. ಕೂಲಿ ಲೈನಿನ ಹೆಂಗಸರು ಅದನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ನನಗೂ ಅದರ ಬಗ್ಗೆ ಅಂಥ ಪ್ರೀತಿ ಇರಲಿಲ್ಲ.

ಆದರೆ ನನ್ನ ಜೀವ ಅದನ್ನೇ ನಂಬಿಕೊಂಡಿತ್ತು.

ನನ್ನ ಮೊದಲ ಹೆರಿಗೆ ತವರಿನಲ್ಲಿ. ನೋವು ಬಂದು ಬಹಳ ಹೊತ್ತಾದ ಮೇಲೆ ಸೂಲಗಿತ್ತಿ ಕೈಚೆಲ್ಲಿದಳು. ಅಪ್ಪ ಗಾಡಿಗೆ ಹುಲ್ಲು ಹಾಸಿ ನನ್ನನ್ನು ಮಲಗಿಸಿ ಫ್ರೇಜರ್‌ಪೇಟೆಯ ದಾರಿ ಹಿಡಿದರು. ದಾರಿಯುದ್ದಕ್ಕೂ ಎತ್ತಿನ ಕೊರಳಿನ ಗಂಟೆ ಕೇಳುತ್ತಿತ್ತು. ಮಗು ಗಾಡಿಯಲ್ಲೇ ಹುಟ್ಟಿತು. ಅಳಲಿಲ್ಲ. ಗಂಟೆಯ ಸದ್ದು ಮಾತ್ರ ನಿಲ್ಲದೆ ಕೇಳುತ್ತಲೇ ಇತ್ತು. ಇದನ್ನು ಇಷ್ಟಕ್ಕೇ ಬಿಡುತ್ತೇನೆ, ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಯಜಮಾನರು ರಜೆಗೆ ಬಂದು ಹೋದ ಮೇಲೆ ನಾನು ಮತ್ತೆ ಬಸುರಿಯಾದೆ. ಮಡಿಕೇರಿ ಆಸ್ಪತ್ರೆಯ ಲೇಡಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಮಾವನನ್ನು ಕರೆದು ಹೇಳಿದರು: ನೋವು ಶುರುವಾದ ಕೂಡಲೇ ಇಲ್ಲಿಗೆ ಕರೆತರಬೇಕು, ಗಾಡಿಯಲ್ಲಿ ಬೇಡ, ತಡವಾದರೆ ಹೋದ ಸಲದ ಹಾಗೆಯೇ ಆದೀತು. ಪೆಟ್ರೋಲಿಗೆ ರೇಷನ್. ಇದ್ದಿಲ ಹೊಗೆಯಿಂದ ಓಡುವ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಮಾವ ಬಸ್ಸಿನಲ್ಲಿ ಮನೆಗೆ ಮರಳುವಾಗಲೇ ತೀರ್ಮಾನ ಮಾಡಿದ್ದರು. ‘ಹೆದರಬೇಡ ಮಗಾ. ನಮ್ಮ ಕಾರುಂಟಲ್ಲ. ಹೊಟ್ಟೆ ತುಂಬಾ ಕರೆಂಟು ಹಾಕಿ ಇಟ್ರೆ ಮಡಿಕೇರಿಗೆ ಒಂದೇ ಓಟ.’

ಆ ಕರೆಂಟು ಬರುತ್ತಿದ್ದುದು ನಮ್ಮ ಪಲ್ಪರ್ ಮನೆಯಿಂದ, ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಶೆಡ್ಡಿನಿಂದ. ಹಣ್ಣಿನ ಕಾಲ ಇನ್ನೂ ಬಂದಿರಲಿಲ್ಲ, ಹಾಗಾಗಿ ಅಲ್ಲಿ ಬೇರೆ ಕೆಲಸವಿಲ್ಲ. ತೋಡಿನ, ಎಂದರೆ ಹಳ್ಳದ, ನೀರು ದೊಡ್ಡ ಮರದ ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರದಿಂದ ಒಂದು ಚರ್ಮದ ಬೆಲ್ಟು ದೊರೆ ತಂದಿಟ್ಟಿದ್ದ ಡೈನಮೋವನ್ನು ತಿರುಗಿಸುತ್ತಿತ್ತು. ಡೈನಮೋದಿಂದ ಗೋಡೆಯ ಹಲಗೆಗೆ, ಹಲಗೆಯಿಂದ ಶೆಡ್ಡಿನಲ್ಲೇ ನಿಂತ ಕಾರಿಗೆ ತಂತಿ. ಹಲಗೆಯ ಮೇಲೆ ಒಂದು ಗಾಜಿನ ಕಣ್ಣು, ಅದರೊಳಗೆ ಒಂದು ಮುಳ್ಳು. ಪಕ್ಕದಲ್ಲಿ ಪಿಂಗಾಣಿ ತುದಿಯ ಒಂದು ಹಿಡಿ. ಕೆಳಗೆ ಒತ್ತಿದರೆ ತಂತಿಗಳು ಕೂಡುತ್ತವೆ, ಮೇಲೆತ್ತಿದರೆ ಬಿಡುತ್ತವೆ. ಮುಸ್ಸಂಜೆಗೆ ತೋಡಿನ ನೀರು ಕೆಳಗಿನ ಗದ್ದೆಯವರಿಗೆ ಸೇರಬೇಕೆಂಬುದು ಹಿಂದಿನಿಂದ ಬಂದ ಕಟ್ಟುಪಾಡು. ಅಷ್ಟರೊಳಗೆ ಕಾವಲಿನ ಕುಂಞಣ್ಣ ಬಂದು ಹಿಡಿಯನ್ನು ಮೇಲೆತ್ತಿ, ಬೆಲ್ಟನ್ನು ಕೋಲಿನಿಂದ ಪಕ್ಕದ ಖಾಲಿ ಗಾಲಿಗೆ ಸರಿಸಿ, ನೀರು ತಿರುಗಿಸಿ, ಬಾಗಿಲು ಹಾಕಿ ಹೋಗುತ್ತಿದ್ದ.

ಒಂದು ದಿನ ಮಳೆಯಲ್ಲಿ ನೆನೆದ ಕೈಯಿಂದ ಹಿಡಿ ಎತ್ತುವಾಗ ನೀಲಿ ಕಿಡಿ ಹಾರಿ ಕುಂಞಣ್ಣ ಎರಡು ಮಾರು ದೂರ ಹೋಗಿ ಕೂತ. ಜೀವಕ್ಕೇನೂ ಆಗಲಿಲ್ಲ. ಆದರೆ ಮಾವ ಹೆದರಿಬಿಟ್ಟರು. ಆಯುಧಪೂಜೆಯ ದಿನ ಅವರು ಕಾರಿಗೂ ಡೈನಮೋಗೂ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಆಮೇಲೆ ಒಂದು ಹಳದಿ ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಭಾಗಮಂಡಲದ ಭಗಂಡೇಶ್ವರನಿಗೆ ಹರಕೆ ಹೊತ್ತರು. ಆ ಮುಡಿಪನ್ನು ಎಲ್ಲಿ ಕಟ್ಟಿದರು ಗೊತ್ತೇ? ಒತ್ತಿದ್ದ ಹಿಡಿಯ ಮೇಲೆ, ನೂಲು ಸುತ್ತಿ ಸುತ್ತಿ, ಬಿಗಿಯಾಗಿ.

‘ಗೌರಿಯ ಹೆರಿಗೆ ಆಗುವ ತನಕ ಇದನ್ನು ಯಾರೂ ಬಿಚ್ಚಬಾರದು,’ ಎಂದರು. ‘ಹಿಡಿ ಬಿಟ್ರೆ ಚಾರ್ಜು ಬಿಟ್ಟ ಹಾಗೆ. ಇನ್ನು ಹಗಲೂ ರಾತ್ರಿಯೂ ಬಿಡುವ ಮಾತೇ ಇಲ್ಲ.’

ನಾವೆಲ್ಲ ಕೈಮುಗಿದೆವು. ಎಲ್ಲರಿಗಿಂತ ಭಕ್ತಿಯಿಂದ ಮುಗಿದವಳು ನಾನು. ಅಂದಿನಿಂದ ಕುಂಞಣ್ಣ ಸಂಜೆ ಹಿಡಿಯನ್ನು ಮುಟ್ಟದೆ, ಬೆಲ್ಟು ಸರಿಸಿ ನೀರು ತಿರುಗಿಸಿ ಬರುತ್ತಿದ್ದ.

ತೊಂದರೆ ಶುರುವಾದದ್ದು ಅದರ ಮರುದಿನದಿಂದಲೇ. ಆದರೆ ದೇವರ ಮುಡಿಪಿನ ಮೇಲೆ ಯಾರಿಗೆ ಅನುಮಾನ ಬಂದೀತು ಹೇಳಿ. ಬ್ಯಾಟರಿಯ ನೀರನ್ನು ಅಳೆಯುವುದಕ್ಕೆ ಮಾವನ ಬಳಿ ಒಂದು ಗಾಜಿನ ಪಿಚಕಾರಿ ಇತ್ತು, ಅದರೊಳಗೆ ಒಂದು ಪುಟ್ಟ ಗಾಜಿನ ಮೀನು. ಚಾರ್ಜು ತುಂಬಿದ್ದರೆ ಮೀನು ತೇಲುತ್ತದೆ, ಖಾಲಿಯಾಗಿದ್ದರೆ ಮುಳುಗುತ್ತದೆ. ಸಂಜೆ ನೋಡಿದರೆ ತೇಲುತ್ತಿತ್ತು. ಬೆಳಿಗ್ಗೆ ನೋಡಿದರೆ ತಳ ಸೇರಿರುತ್ತಿತ್ತು. ಮಾವ ಕಾರು ಹೊರಡಿಸಿದರೆ ಅದು ಗೇಟಿನವರೆಗೆ ಹೋಗಿ ಮುನಿಸಿಕೊಂಡ ಮದುಮಗನ ಹಾಗೆ ನಿಂತುಬಿಡುತ್ತಿತ್ತು. ಲೈನಿನ ಗಂಡಸರು ಬಂದು ತಳ್ಳಿ ತಂದು ನಿಲ್ಲಿಸುತ್ತಿದ್ದರು.

ಮಾವ ಮಾಡದ ಉಪಾಯವಿಲ್ಲ. ಹುಣಸೆಹುಳಿ ಹಚ್ಚಿ ತಂತಿಯ ತುದಿಗಳನ್ನು ತಿಕ್ಕಿದರು. ಬ್ಯಾಟರಿಗೆ ಬಟ್ಟೆಯಲ್ಲಿ ಸೋಸಿದ ಮಳೆನೀರು ಹುಯ್ದರು. ತಂತಿಗೆ ತೇವ ತಗಲಿದೆಯೆಂದು ಕೆಳಗೆ ಕೆಂಡದ ಬಾಂಡಲೆ ಇಟ್ಟು, ಶೆಡ್ಡನ್ನೇ ಸುಡುವುದರಲ್ಲಿದ್ದರು. ಪಶ್ಚಿಮಕ್ಕೆ ಮುಖಮಾಡಿ ನಿಂತಿದ್ದ ಕಾರನ್ನು ಪೂರ್ವಕ್ಕೆ ತಿರುಗಿಸಿದರು. ಅತ್ತೆ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಕೆಮ್ಮು ಬಂದದ್ದು ನಮಗೆ, ಕಾರಿಗಲ್ಲ. ಮಡಿಕೇರಿಯಿಂದ ಒಬ್ಬ ಫಿಟ್ಟರು ಬಂದು, ಕಾಫಿ ಕುಡಿದು, ಬ್ಯಾಟರಿಯ ಪ್ಲೇಟುಗಳು ಹಳತಾಗಿವೆ, ಯುದ್ಧ ಮುಗಿಯುವವರೆಗೆ ಹೊಸದು ಸಿಗದು ಎಂದು ಹೇಳಿಹೋದ.

ನಾನು ಇದನ್ನೆಲ್ಲ ಈಗ ನಗುತ್ತ ಬರೆಯುತ್ತಿದ್ದೇನೆ. ಆಗ ಒಂದು ದಿನವೂ ನಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಯಿಂದ ಮಾವನ ಮುಖ ನೋಡುತ್ತಿದ್ದೆ. ಪಿಚಕಾರಿ ಹಿಡಿದು ಅವರು ತಲೆ ಅಲ್ಲಾಡಿಸಿದರೆ ನನ್ನ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಇವತ್ತು ಬೇಡಪ್ಪ, ಬಂದರೂ ಸಂಜೆ ಬಾ ಎಂದು ಒಳಗಿದ್ದ ಮಗುವಿಗೆ ಹೇಳಿಕೊಳ್ಳುತ್ತಿದ್ದೆ. ಬೆಳಗಿನ ಹೊತ್ತು ನೋವು ಬಂದರೆ ಮತ್ತೆ ಗಾಡಿಯೇ, ಮತ್ತೆ ಆ ಗಂಟೆಯೇ.

‘ಸಂಜೆ ಇದ್ದದ್ದು ಬೆಳಿಗ್ಗೆ ಇಲ್ಲ ಅಂದ್ರೆ ಯಾರೋ ಕುಡೀತಾರೆ,’ ಎಂದರು ಅತ್ತೆ ಒಂದು ದಿನ. ಯಾರೆಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪಲ್ಪರ್ ಮನೆಯ ಹಿಂದೆ ಹಲಸಿನ ಮರದ ಬುಡದಲ್ಲಿ ಹಸಿವು ತೀರದ ದೈವ ಗುಳಿಗನ ಕಲ್ಲಿತ್ತು. ಕುಂಞಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದ್ದ: ‘ಅಮ್ಮಾ, ನಾನು ಬೆಲ್ಟು ಬಿಡಿಸಿ ಬಾಗಿಲು ಹಾಕಿದ ಮೇಲೂ ಒಳಗೆ ಗುಂಯ್ ಅಂತ ಕೇಳ್ತದೆ. ನಾನು ನಿಲ್ಲೂದಿಲ್ಲ. ಕಲ್ಲಿಗೆ ದೀಪ ಇಟ್ಟು, ಹಿಂದೆ ನೋಡದೆ ಬರ್ತೇನೆ.’ ಗುಳಿಗನಿಗೆ ದೀಪವಿಟ್ಟವರು ತಿರುಗಿ ನೋಡಬಾರದೆಂಬುದು ನಮ್ಮ ಕಡೆಯ ನಿಯಮ. ಮಾವ ಇಂಥದ್ದನ್ನೆಲ್ಲ ಬೈಯುತ್ತಿದ್ದರು, ಆದರೆ ಸಂಜೆಯ ಮೇಲೆ ಅವರೂ ಆ ಕಡೆಗೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಕುಂಞಣ್ಣನಿಗೆ ಚಳಿಜ್ವರ ಬಂತು. ಅದೇ ದಿನ ಮಾವ ನಾಪೋಕ್ಲು ಸಂತೆಗೆ ಹೋದವರು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಗದ್ದೆಯವರು ನೀರು ಬಿಡಿ ಎಂದು ಕೂಗುತ್ತಿದ್ದರು. ಅತ್ತೆ ಲಾಟೀನು ಹಿಡಿದು ಹೊರಟರು. ಮನೆಯಲ್ಲಿ ಒಬ್ಬಳೇ ಇರುವುದು ನನಗೆ ಇನ್ನೂ ಹೆಚ್ಚಿನ ಭಯ. ತುಂಬಿದ ಹೊಟ್ಟೆ ಹೊತ್ತು ಅವರ ಸೆರಗು ಹಿಡಿದು ನಾನೂ ಹೋದೆ.

ಅತ್ತೆ ಕೋಲಿನಿಂದ ಬೆಲ್ಟು ಸರಿಸಿದರು, ನೀರು ತಿರುಗಿಸಿದರು. ದೊಡ್ಡ ಚಕ್ರ ತೊಟ್ಟಿಕ್ಕುತ್ತ ನಿಂತಿತು. ಹಿಂದೆ ಹೋಗಿ ಕಲ್ಲಿಗೆ ದೀಪವಿಟ್ಟು ಬಂದು, ‘ನಡಿ, ಬೇಗ ನಡಿ’ ಎಂದರು. ನನ್ನಿಂದ ನಡೆಯಲಾಗಲಿಲ್ಲ. ಇಳಿಜಾರು ಇಳಿದು ಬಂದದ್ದಕ್ಕೇ ಉಸಿರು ಕಟ್ಟಿತ್ತು. ಪಲ್ಪರ್ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ಸಂಜೆ ಆ ಹೊತ್ತಿನಲ್ಲಿ ಅಲ್ಲಿ ಯಾರೂ ಕೂತದ್ದಿಲ್ಲ. ಕೂತದ್ದರಿಂದಲೇ ನನಗೆ ಕಂಡಿತು.

ನೀರಿಲ್ಲ. ಚಕ್ರ ನಿಂತಿದೆ. ಬೆಲ್ಟು ಖಾಲಿ ಗಾಲಿಯ ಮೇಲೆ ಸುಮ್ಮನೆ ಜೋತುಬಿದ್ದಿದೆ. ಡೈನಮೋ ಮಾತ್ರ ತಿರುಗುತ್ತಿದೆ. ಯಾರೂ ಮುಟ್ಟದೆ, ಯಾವುದೂ ತಗಲದೆ, ಗುಂಯ್ ಎಂದುಕೊಂಡು ತನ್ನಷ್ಟಕ್ಕೆ ತಿರುಗುತ್ತಲೇ ಇದೆ. ಅತ್ತೆಯ ಕೈಯ ಲಾಟೀನು ಕಟಕಟ ಸದ್ದು ಮಾಡುತ್ತಿತ್ತು.

‘ತಪ್ಪಾಯ್ತು ಸ್ವಾಮಿ, ಬಸುರಿ ಹೆಂಗಸು, ಗೊತ್ತಾಗದೆ ಕೂತಳು,’ ಎಂದು ಅತ್ತೆ ಡೈನಮೋಗೆ ಕೈಮುಗಿದರು. ‘ಏಳು ಗೌರಿ, ನೋಡಬೇಡ ಅದನ್ನ.’

ಏಳಲು ಕಾಲೇ ಬರಲಿಲ್ಲ. ಕಣ್ಣು ಮುಚ್ಚೋಣವೆಂದರೆ ಅದಕ್ಕೂ ಭಯ. ಎಲ್ಲಿ ನೋಡುವುದೆಂದು ತಿಳಿಯದೆ ಹಲಗೆಯ ಮೇಲಿನ ಮುಳ್ಳು ನೋಡಿದೆ. ಹಗಲು ಮಾವನಿಗೆ ಊಟ ತಂದಾಗಲೆಲ್ಲ ಅದು ಬಲಕ್ಕೆ ವಾಲಿರುವುದನ್ನು ಕಂಡಿದ್ದೆ. ಈಗ ಎಡಕ್ಕೆ ವಾಲಿತ್ತು.

ನನಗೆ ಕರೆಂಟು ಗೊತ್ತಿಲ್ಲ. ನೀರು ಗೊತ್ತು. ಶಿರಂಗಾಲದಲ್ಲಿ ಅಪ್ಪ ಸಂಜೆಯಾದರೆ ಗುದ್ದಲಿ ಹಿಡಿದು ಹೊರಡುತ್ತಿದ್ದರು. ಹಗಲೆಲ್ಲ ಕಾಲುವೆಯಿಂದ ಗದ್ದೆಗೆ ನೀರು ಹಾಯುತ್ತದೆ. ಸಂಜೆ ಕಾಲುವೆಯ ನೀರು ಇಳಿದಾಗ ಬದುವಿನ ಬಾಯಿಗೆ ಮಣ್ಣು ಹಾಕಿ ಮುಚ್ಚದಿದ್ದರೆ, ಗದ್ದೆಯಲ್ಲಿ ನಿಂತ ನೀರು ಬಂದ ದಾರಿಯಲ್ಲೇ ವಾಪಸು ಕಾಲುವೆಗೆ ಹೋಗಿಬಿಡುತ್ತದೆ. ಬೆಳಿಗ್ಗೆ ಗದ್ದೆ ಬರಿದು. ಒಂದು ಸಲ ಅಪ್ಪ ಮರೆತದ್ದಕ್ಕೆ ಅವ್ವ ಬೈದ ಮಾತು ಇನ್ನೂ ಕಿವಿಯಲ್ಲಿದೆ: ‘ಬಾಯಿ ಮುಚ್ದೆ ಬಂದಿದೀರಲ್ಲ, ತುಂಬ್ಸಿದ್ದೆಲ್ಲ ಕಾಲ್ವೆ ಕುಡ್ಕಂಡ್ ಹೋಯ್ತದೆ ಕಣ್ರೀ.’

‘ಅತ್ತೆ,’ ಎಂದೆ, ‘ಗುಳಿಗ ಅಲ್ಲ. ಕಾರಿಂದು ಕರೆಂಟು ವಾಪಸ್ ಬಂದು ಇದನ್ನ ತಿರುಗುಸ್ತಾ ಅದೆ. ಬಾಯಿ ಮುಚ್ಚಿಲ್ಲ ನಾವು.’

‘ಯಾವ ಬಾಯಿ?’

ನಾನು ಹಿಡಿಯನ್ನು ತೋರಿಸಿದೆ. ಹಳದಿ ಮುಡಿಪು ಅದರ ಮೇಲೆ ಬಿಗಿಯಾಗಿ ಕೂತಿತ್ತು.

ಅತ್ತೆ ನನ್ನನ್ನೂ ಅದನ್ನೂ ನೋಡಿದರು. ‘ಬೇಡ ಗೌರಿ. ಅದು ನಿನ್ನ ಹೊಟ್ಟೆಗೆ ಕಟ್ಟಿದ ಹರಕೆ. ಹೆರಿಗೆಗೆ ಮೊದಲು ಬಿಚ್ಚಿದ್ರೆ...’ ಎಂದವರು ಮಾತು ಮುಗಿಸಲಿಲ್ಲ. ಅವರು ಮುಗಿಸದ ಮಾತನ್ನು ನಾನು ಗಾಡಿಯಲ್ಲಿ ಒಮ್ಮೆ ಕಂಡಿದ್ದೆ.

ಬಿಚ್ಚಿದರೆ ದೇವರ ಭಯ, ಬಿಚ್ಚದಿದ್ದರೆ ದಾರಿಯ ಭಯ. ಅಷ್ಟು ಹೊತ್ತಿಗೂ ಡೈನಮೋ ತಿರುಗುತ್ತಲೇ ಇತ್ತು, ಒಂದೊಂದು ಸುತ್ತಿಗೂ ಮಡಿಕೇರಿ ನನ್ನಿಂದ ದೂರ ಹೋಗುತ್ತಿತ್ತು. ನಾನು ಗೋಡೆ ಹಿಡಿದು ಎದ್ದೆ. ಧೈರ್ಯ ಬಂದಿತೆಂದು ತಿಳಿಯಬೇಡಿ, ಒಂದು ಭಯ ಇನ್ನೊಂದಕ್ಕಿಂತ ದೊಡ್ಡದಾಗಿತ್ತು ಅಷ್ಟೇ. ಒಣ ಸೆರಗನ್ನು ಕೈಗೆ ಸುತ್ತಿಕೊಂಡು, ಅಪ್ಪಾ ಭಗಂಡೇಶ್ವರ ಎಂದು ಹಿಡಿಯನ್ನು ಮೇಲಕ್ಕೆ ಎಳೆದೆ. ನೂಲು ಪಟ್ಟನೆ ಹರಿಯಿತು. ನೀಲಿ ಕಿಡಿ ಹಾರಿತು. ಮುಡಿಪು ನೆಲಕ್ಕೆ ಬಿದ್ದು ಅಕ್ಕಿ ಚೆಲ್ಲಿತು.

ಡೈನಮೋ ಸದ್ದು ತಗ್ಗುತ್ತ ತಗ್ಗುತ್ತ ನಿಂತಿತು. ಆಮೇಲೆ ಬಂದ ಮೌನದಲ್ಲಿ ನನಗೆ ಗೊತ್ತಾಯಿತು, ಹೊಟ್ಟೆಯೊಳಗೂ ಏನೂ ಅಲುಗುತ್ತಿಲ್ಲ. ಮನೆಯಿಂದ ಹೊರಡುವಾಗ ಒದೆಯುತ್ತಿದ್ದ ಮಗು ಸುಮ್ಮನಾಗಿತ್ತು.

ಅತ್ತೆಗೆ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎನಿಸಿತು. ಅವರು ನೆಲದಲ್ಲಿ ಕೂತು ಲಾಟೀನಿನ ಬೆಳಕಿಗೆ ಅಕ್ಕಿಯನ್ನು ಒಂದೊಂದೇ ಆರಿಸಿ ಮತ್ತೆ ಬಟ್ಟೆಯಲ್ಲಿ ಕಟ್ಟಿದರು. ಆಮೇಲೆ ನನ್ನ ಸೀರೆಯ ನೆರಿಗೆ ಸರಿಸಿ ಅದನ್ನು ನನ್ನ ಸೊಂಟಕ್ಕೆ ಕಟ್ಟಿದರು.

ಮರುದಿನ ಬೆಳಿಗ್ಗೆ ಪಿಚಕಾರಿಯ ಮೀನು ತೇಲಿತು. ಮಾವನ ಕೂಗಿಗೆ ಕಾಗೆಗಳು ಹಾರಿಹೋದವು. ಹರಕೆ ಫಲಿಸಿತು ಎಂದು ಕೈಮುಗಿಯಲು ತಿರುಗಿದರೆ ಹಿಡಿಯ ಮೇಲೆ ಮುಡಿಪೇ ಇಲ್ಲ. ಅವರ ಮುಖ ಕಪ್ಪಿಟ್ಟಿತು. ಅತ್ತೆ ಎಲ್ಲವನ್ನೂ ಹೇಳಿ ಕೊನೆಗೆ, ‘ಈಗ ಅದು ಗೌರಿಯ ಸೊಂಟದಲ್ಲಿ ಉಂಟು. ದೇವರು ಕಾಯಬೇಕಾದ್ದು ಅವಳನ್ನೋ, ನಿಮ್ಮ ಪಿಂಗಾಣಿ ಹಿಡಿಯನ್ನೋ?’ ಎಂದರು. ಮಾವ ಕಾರಿನ ಗಾಜು ಒರೆಸಲು ಹೋದರು. ಎಲ್ಲರ ಮುಖದಲ್ಲೂ ಗೆಲುವು. ನಾನೊಬ್ಬಳೇ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಒದೆ ಬರಲಿಲ್ಲ. ಬಂದದ್ದು ನೋವು.

ಆ ಪ್ರಯಾಣದಲ್ಲಿ ನನಗೆ ನೆನಪಿರುವುದು ನಿಶ್ಶಬ್ದ. ಗಾಜಿನ ಬೀರುವಿನೊಳಗೆ ನಾನು, ದೃಷ್ಟಿ ತಾಗದಿರಲೆಂದು ಒಂದು ಕೈಯಲ್ಲಿ ಕಬ್ಬಿಣದ ಅಡಕತ್ತರಿ ಹಿಡಿದ ಅತ್ತೆ, ಕಿಟಕಿಯ ಪಕ್ಕ ಸೇವಂತಿಗೆ. ಹೊರಗೆ ಮರಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು. ಎತ್ತಿನ ಗಂಟೆಗೆ ಹೆದರಿದ್ದವಳಿಗೆ ಈಗ ಒಂದು ಸದ್ದಾದರೂ ಬೇಕಾಗಿತ್ತು. ಮಡಿಕೇರಿಯ ಏರಿನಲ್ಲಿ ಕಾರು ನಡಿಗೆಯ ವೇಗಕ್ಕೆ ಇಳಿಯಿತು. ಮಾವ ಸಲಾಕೆಯ ಮೇಲೆ ಬಗ್ಗಿ, ‘ಇನ್ನೊಂದು ಸ್ವಲ್ಪ ಅವ್ವಾ, ಇನ್ನೊಂದೇ ತಿರುವು,’ ಎನ್ನುತ್ತಿದ್ದರು. ಕಾರಿಗೆ ಹೇಳಿದರೋ ನನಗೆ ಹೇಳಿದರೋ, ಇವತ್ತಿಗೂ ತಿಳಿಯದು. ಆಸ್ಪತ್ರೆಯ ಮೆಟ್ಟಿಲವರೆಗೆ ಅದು ನಮ್ಮನ್ನು ಮುಟ್ಟಿಸಿತು.

ಮಗು ಹೊರಗೆ ಬಂತು. ಸದ್ದಿಲ್ಲ. ಡಾಕ್ಟರು ಏನೋ ಹೇಳಿದರು, ನರ್ಸು ಓಡಿದಳು. ನೂಲು ಹರಿದದ್ದು, ಕಿಡಿ, ನೆಲದ ಮೇಲೆ ಚೆಲ್ಲಿದ ಅಕ್ಕಿ, ಎಲ್ಲವೂ ಕಣ್ಣ ಮುಂದೆ ಬಂತು. ಡೈನಮೋ ನಿಂತ ಮೇಲೆ ಪಲ್ಪರ್ ಮನೆಯಲ್ಲಿ ಕೇಳಿದ ಅದೇ ಮೌನ. ನಾನೇ ಕೈಯಾರೆ ನಿಲ್ಲಿಸಿದೆ ಎಂದುಕೊಂಡೆ. ಸೊಂಟದ ಮುಡಿಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಉಸಿರು ಬಿಡದೆ ಮಲಗಿದ್ದೆ.

ಆಮೇಲೆ ಮಗಳು ಅತ್ತಳು.

ಮಗುವಿನೊಂದಿಗೆ ಭಾಗಮಂಡಲಕ್ಕೆ ಹೋಗಿ ಮುಡಿಪು ಒಪ್ಪಿಸಿ ಬಂದೆವು. ಮಾವ ಸಾಯುವವರೆಗೂ ಎಲ್ಲ ಹರಕೆಯ ಮಹಿಮೆ ಎಂದೇ ಹೇಳುತ್ತಿದ್ದರು, ನಾನೂ ಅತ್ತೆಯೂ ಹೌದೆನ್ನುತ್ತಿದ್ದೆವು. ಯಜಮಾನರು ಯುದ್ಧ ಮುಗಿಸಿ ಬಂದರು. ಕಾರು ಏನಾಯಿತೋ ತಿಳಿಯದು, ಮರಳಿ ಬಂದ ದೊರೆ ತೋಟ ಮಾರಿ ಹೋದ.

ಈಗ ನಾನು ಸಂಜೆ ಪ್ಲಗ್ಗು ಕೀಳುತ್ತೇನೆ. ಫ್ಯಾನು ನಿಧಾನವಾಗಿ ನಿಲ್ಲುತ್ತದೆ. ಮನೆಯಲ್ಲಿ ಸದ್ದು ಅಡಗುತ್ತದೆ. ಇಷ್ಟು ವರ್ಷವಾದರೂ ಆ ಕ್ಷಣದಲ್ಲಿ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ, ಉಸಿರು ಹಿಡಿದು ನಿಲ್ಲುತ್ತೇನೆ. ಆಗ ಒಳಗಿನ ಕೋಣೆಯಿಂದ ಮಗಳು ಬೇಸರದ ದನಿಯಲ್ಲಿ ಕೂಗುತ್ತಾಳೆ: ‘ಅಮ್ಮಾ, ಕಿತ್ತದ್ದು ಮುಗೀತಾ ಇಲ್ವಾ?’

ಮುಗಿದರೂ ನಾನು ಒಡನೆ ಉತ್ತರ ಕೊಡುವುದಿಲ್ಲ. ಅವಳು ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತೇನೆ.